ನಾವು 4 ಜನ, ಅವರು 45 ಜನ, ಮಧ್ಯೆ ಒಂದು ಸೇತುವೆ: ಪ್ಲ್ಯಾನ್ ಮಾಡಲು ಸಹಾಯ ಬೇಕು

ಬಿಲ್ಲುಗಾರ:
ಎಲ್ಲರಿಗೂ ನಮಸ್ಕಾರ. ಮುಂದಿನ ಸೆಷನ್‌ಗೆ ಮುಂಚೆ ನಿಮ್ಮ ಸಲಹೆ ಬೇಕು. ನಾವು ಆಡುತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಹಾಕುತ್ತಾ ಪಾತ್ರಗಳನ್ನು ಆಡಿಸುವ ಕಥೆಯಾಟ) 5ನೇ ಆವೃತ್ತಿ, 2014ರ ನಿಯಮಗಳು. ಪಾರ್ಟಿಯಲ್ಲಿ ನಾಲ್ಕೇ ಜನ, ಎಲ್ಲರೂ 5ನೇ ಲೆವೆಲ್. ಫೈಟರ್ (ಯೋಧ), ಕ್ಲೆರಿಕ್ (ದೇವರ ಶಕ್ತಿಯ ಪೂಜಾರಿ), ವಿಝಾರ್ಡ್ (ಮಂತ್ರವಾದಿ), ಮತ್ತೆ ನಾನು ರೇಂಜರ್ (ಕಾಡಿನ ಬಿಲ್ಲುಗಾರ).

ಎದುರಿಗೆ ಬರುತ್ತಿರುವ ಪಡೆಯನ್ನು ನಾನೇ ಹೋಗಿ ಅಡಗಿ ಕೂತು ಎಣಿಸಿದ್ದೇನೆ. 30 ಗಾಬ್ಲಿನ್ (ಕುಳ್ಳ ರಾಕ್ಷಸರು), 12 ಹಾಬ್‌ಗಾಬ್ಲಿನ್ (ಅವರ ದೊಡ್ಡ ದಾಯಾದಿಗಳು, ಸೈನಿಕರು), 2 ಓಗರ್ (ದೈತ್ಯರು), ಎಲ್ಲರ ಮೇಲೆ ಒಬ್ಬ ಹಾಬ್‌ಗಾಬ್ಲಿನ್ ಕ್ಯಾಪ್ಟನ್. ಒಟ್ಟು 45. ನಾವು ಕಾಯುತ್ತಿರುವುದು 60 ಜನರ ಒಂದು ಹಳ್ಳಿ. ಅಲ್ಲಿಂದ 12 ಮೈಲಿ ದೂರದಲ್ಲಿ ಗಟ್ಟಿ ಗೋಡೆಯ ಕೋಟೆ ಇದೆ, ಅದರೊಳಗೆ ಹೋದರೆ ಜನ ಸೇಫ್. ಹಳ್ಳಿಗೂ ಶತ್ರುವಿಗೂ ಮಧ್ಯೆ ಆಳವಾದ ಹೊಳೆ. ಅದರ ಮೇಲೆ 10 ಅಡಿ ಅಗಲ, 60 ಅಡಿ ಉದ್ದದ ಸೇತುವೆ. ಎರಡೂ ತುದಿಯ 20 ಅಡಿ ಕಲ್ಲು, ಮಧ್ಯದ 20 ಅಡಿ ಮಾತ್ರ ಮರದ್ದು, ಯಾಕೆಂದರೆ ಹಿಂದೊಮ್ಮೆ ಪ್ರವಾಹಕ್ಕೆ ಆ ಭಾಗ ಕೊಚ್ಚಿಹೋಗಿತ್ತಂತೆ. ಮೇಲ್ಗಡೆ 2 ಮೈಲಿ ಹೋದರೆ ಹೊಳೆ ದಾಟಬಹುದಾದ ಒಂದು ಕಡವು ಇದೆ.

ತೊಂದರೆ ಏನಂದರೆ, ಆಚೆ ದಡದ ಕಾಡಿನಲ್ಲಿ ಮರ ಕಡಿಯುವವರ ಗುಂಪೊಂದಿದೆ, ಮಕ್ಕಳು ಮರಿ ಸಮೇತ. ಅವರು ಸೇತುವೆ ದಾಟುವುದೇ ನಾಳೆ ಸಂಜೆ 5ಕ್ಕೆ. ಶತ್ರು ಬರುವುದು 6ಕ್ಕೆ. ಚಳಿಗಾಲ, ಅಷ್ಟೊತ್ತಿಗೆ ಪೂರ್ತಿ ಕತ್ತಲು. ನಮ್ಮ ಫೈಟರ್ ಸೇತುವೆ ಮೇಲೆ ನಿಂತು ಕೊನೆ ಉಸಿರಿರುವ ತನಕ ಹೋರಾಡೋಣ ಅಂತಿದ್ದಾನೆ. ನನಗೆ ಆ ಪಾತ್ರಗಳ ಮೇಲೆ ತುಂಬಾ ಪ್ರೀತಿ ಇದೆ, ಎಲ್ಲರೂ ಸಾಯುವುದು ಬೇಡ. ಏನು ಮಾಡಬಹುದು?

ಬೆಂಕಿಚೆಂಡು:
ವಿಝಾರ್ಡ್ 5ನೇ ಲೆವೆಲ್ ಅಂದರೆ 3ನೇ ಹಂತದ ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ, ಎರಡು ಇದೆ. ಎರಡು ಫೈರ್‌ಬಾಲ್ (ಸಿಡಿಯುವ ಬೆಂಕಿ ಉಂಡೆ). ಸರಾಸರಿ 28 ಡ್ಯಾಮೇಜ್, ಗಾಬ್ಲಿನ್‌ಗೆ ಇರುವುದು 7 ಎಚ್‌ಪಿ (ಜೀವದ ಅಂಕ), ಹಾಬ್‌ಗಾಬ್ಲಿನ್‌ಗೆ 11. ಸೇವ್ ಮಾಡಿದರೂ, ಅಂದರೆ ದಾಳ ಹಾಕಿ ಸ್ವಲ್ಪ ತಪ್ಪಿಸಿಕೊಂಡರೂ, ಅರ್ಧ 14, ಆದರೂ ಸಾಯುತ್ತವೆ. ವ್ಯಾಪ್ತಿ 20 ಅಡಿ ರೇಡಿಯಸ್, ಅಂದರೆ ಸೇತುವೆಯ 40 ಅಡಿ ಉದ್ದ ಒಂದೇ ಏಟಿಗೆ ಸಿಗುತ್ತದೆ, 5 ಅಡಿ ಚೌಕಕ್ಕೆ ಒಬ್ಬರಂತೆ ಲೆಕ್ಕ ಹಾಕಿದರೆ 16 ಜನ. ಎರಡು ಸಲಕ್ಕೆ 32. ಸೇತುವೆ ತುಂಬುವ ತನಕ ಕಾಯಿರಿ, ಅಷ್ಟೆ.

ಹಳೇ ಡಿಎಂ:
ಲೆಕ್ಕ ಸರಿ ಇದೆ, ಆದರೆ ಎದುರಿಗಿರುವ ಕ್ಯಾಪ್ಟನ್ ಸುಮ್ನೆ 16 ಜನರನ್ನು ಒಟ್ಟಿಗೆ ಸೇತುವೆ ಮೇಲೆ ಕಳಿಸುತ್ತಾನಾ? ನಾನು ಆ ಪಡೆ ನಡೆಸಿದರೆ ಮೊದಲು ಐದು ಗಾಬ್ಲಿನ್ ಕಳಿಸುತ್ತೇನೆ. ಅವು ಸತ್ತರೂ ನನಗೆ ನಿಮ್ಮ ಬಳಿ ಏನಿದೆ ಅಂತ ಗೊತ್ತಾಗುತ್ತದೆ. ಹಾಬ್‌ಗಾಬ್ಲಿನ್‌ಗಳು ಶಿಸ್ತಿನ ಸೈನಿಕರು, ಅವರನ್ನು ಪೆದ್ದರ ಹಾಗೆ ಆಡಿಸುವ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಸಿಕ್ಕರೆ ಅದು ಅದೃಷ್ಟ, ಪ್ಲ್ಯಾನ್ ಅಲ್ಲ. ಮೊದಲ ಫೈರ್‌ಬಾಲ್ ಬಿದ್ದ ಮೇಲೆ ಎರಡನೆಯದಕ್ಕೆ ಯಾರೂ ಗುಂಪಾಗಿ ನಿಲ್ಲುವುದಿಲ್ಲ.

ಬಿಲ್ಲುಗಾರರೇ, ನಿಮಗೆ ಒಂದು ಪ್ರಶ್ನೆ. ಈ ರಾತ್ರಿ ಏನಾದರೆ ನೀವು ಗೆದ್ದ ಹಾಗೆ? 45 ಜನರೂ ಸತ್ತರೆ ಗೆಲುವಾ, ಅಥವಾ 60 ಜನ ಕೋಟೆ ಸೇರಿದರೆ ಗೆಲುವಾ? ಇವೆರಡೂ ಬೇರೆ ಬೇರೆ ಯುದ್ಧ. ನೀವು ಎರಡನೆಯದು ಬೇಕು ಅಂತ ಹೇಳಿ ಮೊದಲನೆಯದಕ್ಕೆ ತಯಾರಿ ಮಾಡುತ್ತಿದ್ದೀರಿ ಅಂತ ನನಗೆ ಕಾಣುತ್ತದೆ.

ಹೊಸಬ:
ನಾನು ಈ ಆಟಕ್ಕೆ ಹೊಸಬ, ಕ್ಷಮಿಸಿ, ಒಂದು ಅನುಮಾನ. ಗಾಬ್ಲಿನ್‌ಗೆ ಬರೀ 7 ಎಚ್‌ಪಿ ಇದ್ದರೆ 5ನೇ ಲೆವೆಲ್‌ನ ಫೈಟರ್‌ಗೆ ಅವು ಏನೂ ಅಲ್ಲ ಅಲ್ವಾ? ಒಂದೊಂದು ಏಟಿಗೆ ಒಂದೊಂದು. ಯಾಕೆ ಇಷ್ಟು ಭಯ?

ಗುರಾಣಿ:
ಒಳ್ಳೆಯ ಪ್ರಶ್ನೆ, ನಾನು ಹೇಳುತ್ತೇನೆ, ನಾನು ಯಾವಾಗಲೂ ಫೈಟರ್ ಆಡುವವನು. ಫೈಟರ್‌ಗೆ ಒಂದು ಟರ್ನ್‌ನಲ್ಲಿ ಎರಡು ಏಟು. ನಾಲ್ಕು ಜನರ ಪಾರ್ಟಿಗೆ ಎಲ್ಲ ಸೇರಿ ಆರೇಳು ಏಟು ಅಂದುಕೊಳ್ಳಿ. ಅವರಿಗೆ 45. ಈ ಆಟದಲ್ಲಿ ಬಲ ಅಂದರೆ ಒಂದು ರೌಂಡ್‌ನಲ್ಲಿ ಯಾರು ಎಷ್ಟು ಸಲ ಏನಾದರೂ ಮಾಡಬಹುದು ಅನ್ನುವುದು. ಎಚ್‌ಪಿ ಆಮೇಲಿನ ಮಾತು.

ನಿಜವಾದ ಅಪಾಯ ಗಾಬ್ಲಿನ್ ಅಲ್ಲ, ಹಾಬ್‌ಗಾಬ್ಲಿನ್. ಅವಕ್ಕೆ ಮಾರ್ಷಿಯಲ್ ಅಡ್ವಾಂಟೇಜ್ ಅಂತ ಒಂದು ಗುಣ ಇದೆ. ನಿಮ್ಮ ಪಕ್ಕದಲ್ಲಿ, ಅಂದರೆ 5 ಅಡಿಯೊಳಗೆ, ಅವರ ಕಡೆಯವನು ಇನ್ನೊಬ್ಬನಿದ್ದರೆ ಒಂದು ಟರ್ನ್‌ಗೆ ಒಮ್ಮೆ 2ಡಿ6 (ಎರಡು ಆರುಮುಖದ ದಾಳ) ಜಾಸ್ತಿ ಡ್ಯಾಮೇಜ್. ಕತ್ತಿ ಏಟು ಸೇರಿ ಸರಾಸರಿ 12ರ ಮೇಲೆ. ನಿಮ್ಮ ಫೈಟರ್‌ನ ಎಸಿ (ಏಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕ) 19, ಎಚ್‌ಪಿ 44 ಅಂತ ಇಟ್ಟುಕೊಳ್ಳಿ. ಬಯಲಲ್ಲಿ ಎಂಟು ಹಾಬ್‌ಗಾಬ್ಲಿನ್ ಸುತ್ತುವರಿದರೆ ಒಂದು ರೌಂಡ್‌ಗೆ ಸುಮಾರು 25 ಹೋಗುತ್ತದೆ. ಎರಡನೇ ರೌಂಡ್ ಮುಗಿಯುವಷ್ಟರಲ್ಲಿ ಬಿದ್ದಿರುತ್ತಾನೆ.

ಈಗ ಅದೇ ಫೈಟರ್ ಇಕ್ಕಟ್ಟಿನಲ್ಲಿ, ಪಕ್ಕದಲ್ಲಿ ಕ್ಲೆರಿಕ್ ನಿಲ್ಲಿಸಿಕೊಂಡು ನಿಂತರೆ ಅವನ ಮೇಲೆ ಬೀಳುವವರು ಇಬ್ಬರೇ. ಅವನು ಡಾಜ್ ಆಕ್ಷನ್ (ಹೊಡೆಯದೆ ಬರೀ ತಪ್ಪಿಸಿಕೊಳ್ಳುವುದು) ತೆಗೆದುಕೊಂಡರೆ ಅವರು ಎರಡು ದಾಳ ಹಾಕಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಬೇಕು. ಹಾಬ್‌ಗಾಬ್ಲಿನ್‌ಗೆ 20 ಮುಖದ ದಾಳದಲ್ಲಿ 16 ಬರಬೇಕು (ಅದರ 3 ಸೇರಿ 19), ಅಂದರೆ ಸಾಧಾರಣವಾಗಿ ಶೇ. 25 ಇರುವ ಸಾಧ್ಯತೆ ಶೇ. 6ರ ಹತ್ತಿರ ಇಳಿಯುತ್ತದೆ. ಸರಾಸರಿ ಒಂದು ರೌಂಡ್‌ಗೆ 2 ಎಚ್‌ಪಿ ಕೂಡ ಹೋಗುವುದಿಲ್ಲ. ಮನುಷ್ಯ ಅವನೇ, ಕತ್ತಿ ಅದೇ, ನಿಂತ ಜಾಗ ಮಾತ್ರ ಬೇರೆ.

ಚಿತ್ರದುರ್ಗದ ಓಬವ್ವನ ಕಿಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬನೇ ತಲೆ ತೂರಿಸಬೇಕಾದ ಜಾಗದಲ್ಲಿ ಹೊರಗಡೆ ಎಷ್ಟು ಸಾವಿರ ಜನ ಇದ್ದಾರೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಮಾತು, ಇದನ್ನು ಜನ ಯಾವಾಗಲೂ ತಪ್ಪಾಗಿ ಮಾಡುತ್ತಾರೆ. ಇಕ್ಕಟ್ಟಿನ ಒಳಗೇ ನಿಲ್ಲಬೇಡಿ. ಅದರ ಬಾಯಿಂದ ಒಂದು ಚೌಕ ಹಿಂದೆ ಸರಿದು, ಮೂರು ಕಡೆ ಹರಡಿ ನಿಲ್ಲಿ. ಒಳಗೆ ನಿಂತರೆ ನೀವೂ ಇಬ್ಬರು, ಅವರೂ ಇಬ್ಬರು, ಮೇಲೆ ನೇರ ಸಾಲಿನಲ್ಲಿ ಅವರ ಬಿಲ್ಲುಗಾರರಿಗೆ ನೀವು ಕಾಣುತ್ತೀರಿ. ಹೊರಗೆ ಹರಡಿ ನಿಂತರೆ ಈಚೆ ಕಾಲಿಟ್ಟವನ ಮೇಲೆ ಮೂರು ಜನರ ಏಟು, ಹಿಂದಿರುವವರಿಗೆ ತಮ್ಮವರ ಬೆನ್ನೇ ಅಡ್ಡ. ನಿಯಮದ ಪ್ರಕಾರ ಮಧ್ಯೆ ನಿಂತ ಅವರವರೇ ನಿಮಗೆ ಹಾಫ್ ಕವರ್ ಆಗುತ್ತಾರೆ, ಬಾಣದ ವಿರುದ್ಧ ಎಸಿ 2 ಜಾಸ್ತಿ.

ಲೆಕ್ಕದವಳು:
ಗುರಾಣಿ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಆದರೆ ಮೊದಲು ಎಷ್ಟು ದೊಡ್ಡ ಗುಡ್ಡ ಎದುರಿಗಿದೆ ಅಂತ ನೋಡೋಣ. ಗಾಬ್ಲಿನ್ 50 ಎಕ್ಸ್‌ಪಿ (ಶತ್ರು ಎಷ್ಟು ಕಷ್ಟ ಅಂತ ಅಳೆಯುವ ಅಂಕ), ಹಾಬ್‌ಗಾಬ್ಲಿನ್ 100, ಓಗರ್ 450, ಕ್ಯಾಪ್ಟನ್ 700. ಒಟ್ಟು 4,300. ಶತ್ರುಗಳು 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಷ್ಟದ ಅಂದಾಜಿಗೆ 4ರಿಂದ ಗುಣಿಸಬೇಕು ಅಂತ 2014ರ ನಿಯಮ. 17,200. 5ನೇ ಲೆವೆಲ್‌ನ ನಾಲ್ಕು ಜನರಿಗೆ ಪ್ರಾಣಾಪಾಯದ ಮಟ್ಟ ಶುರುವಾಗುವುದೇ 4,400ಕ್ಕೆ. ಒಂದು ಇಡೀ ದಿನದಲ್ಲಿ ಅಂಥ ಪಾರ್ಟಿ ತಾಳಿಕೊಳ್ಳಬಹುದಾದದ್ದು ಸುಮಾರು 14,000. ಅಂದರೆ ಒಂದೇ ಕಾಳಗದಲ್ಲಿ ಒಂದು ದಿನಕ್ಕಿಂತ ಜಾಸ್ತಿ. ಡಿಎಂ ಇದನ್ನು ಹೊಡೆದು ಗೆಲ್ಲಲಿ ಅಂತ ಇಟ್ಟಿಲ್ಲ ಅಂತ ನನಗನ್ನಿಸುತ್ತದೆ.

ಈಗ ಸಮಯದ ಲೆಕ್ಕ, ನನಗೆ ಅದೇ ಮುಖ್ಯ. ಮಕ್ಕಳನ್ನು ಕಟ್ಟಿಕೊಂಡು ನಡೆಯುವವರು ನಿಧಾನದ ವೇಗದಲ್ಲಿ ಗಂಟೆಗೆ 2 ಮೈಲಿ. 12 ಮೈಲಿಗೆ 6 ಗಂಟೆ. 5ಕ್ಕೆ ಹೊರಟರೆ ರಾತ್ರಿ 11ಕ್ಕೆ ಕೋಟೆ. ಶತ್ರು ಸಾಧಾರಣ ವೇಗದಲ್ಲಿ ಗಂಟೆಗೆ 3, ಅವಸರದಲ್ಲಿ 4. ಅಡ್ಡಿ ಇಲ್ಲದಿದ್ದರೆ 10ಕ್ಕೆ ಅಥವಾ 9ಕ್ಕೇ ಕೋಟೆ ಬಾಗಿಲಲ್ಲಿ. ಅಂದರೆ ದಾರಿಯಲ್ಲೇ ಸಿಗುತ್ತಾರೆ.

ಬಿಲ್ಲುಗಾರ, ಕಡವು ದಾಟಿ ಬರುವ ದಾರಿ ಕೋಟೆ ರಸ್ತೆಗೆ ಎಲ್ಲಿ ಸೇರುತ್ತದೆ? ಮ್ಯಾಪ್ ನೋಡಿ ಹೇಳಿ.

ಬಿಲ್ಲುಗಾರ:
ಮ್ಯಾಪ್ ಪ್ರಕಾರ ಸೇತುವೆಯಿಂದ ಕೋಟೆ ಕಡೆ 3 ಮೈಲಿ ಹೋದ ಮೇಲೆ ಸೇರುತ್ತದೆ. ಕಡವಿನಿಂದ ಆ ಕೂಡು ರಸ್ತೆಗೆ 4 ಮೈಲಿ.

ಲೆಕ್ಕದವಳು:
ಹಾಗಾದರೆ ಸುತ್ತು ದಾರಿ 2 ಕೂಡಿಸು 4, ಒಟ್ಟು 6 ಮೈಲಿ. ನೇರ ದಾರಿಗಿಂತ 3 ಜಾಸ್ತಿ. ಕೋಟೆ ತನಕ 15. ಸೇತುವೆ ಇಲ್ಲ ಅಂತ 6ಕ್ಕೇ ಕಡವಿನ ಕಡೆ ತಿರುಗಿ ಅವಸರದಲ್ಲಿ ನಡೆದರೆ 9:45ಕ್ಕೆ ಕೋಟೆ. ಜನ ಬರುವುದು 11ಕ್ಕೆ. ನಿಮಗೆ ಇನ್ನೂ ಒಂದೂಕಾಲು ಗಂಟೆ ಬೇಕು.

ಇಲ್ಲಿ ಒಂದು ವಿಷಯ ಯಾರೂ ಹೇಳಿಲ್ಲ. ಒಂದು ರೌಂಡ್ ಅಂದರೆ 6 ಸೆಕೆಂಡ್. 75 ನಿಮಿಷ ಅಂದರೆ 750 ರೌಂಡ್. ಡಾಜ್ ಮಾಡುತ್ತಾ ರೌಂಡ್‌ಗೆ 2 ಎಚ್‌ಪಿ ಕಳೆದುಕೊಂಡರೂ ಫೈಟರ್ 25 ರೌಂಡ್ ಇದ್ದರೆ ಹೆಚ್ಚು. ಅದು ಎರಡೂವರೆ ನಿಮಿಷ. ಕತ್ತಿ ಹಿಡಿದು ಯಾರೂ ಒಂದೂಕಾಲು ಗಂಟೆ ಗಳಿಸಲು ಆಗುವುದಿಲ್ಲ. ಸಮಯ ಬೇರೆ ಎಲ್ಲಿಂದಾದರೂ ಬರಬೇಕು.

ಗುರಾಣಿ:
ಇದು ನಿಜ. 750 ರೌಂಡ್ ಅನ್ನುವುದನ್ನು ನೋಡಿದ ಮೇಲೆ ನಿಂತು ಹೋರಾಡುವ ಮಾತೇ ಬಿಟ್ಟುಬಿಡಬೇಕು.

ಹೊಸಬ:
ಮತ್ತೆ ಕೇಳುತ್ತಿದ್ದೇನೆ. ಹಳ್ಳಿಯಲ್ಲಿ ಗಾಡಿಗಳಿಲ್ಲವಾ? ಮರ ಕಡಿಯುವವರು ಗಟ್ಟಿ ಜನ ಅಲ್ವಾ, ನಿಧಾನ ಆಗುವುದು ಮಕ್ಕಳು, ಗಾಯಗೊಂಡವರಿಂದ. ಎರಡು ಗಾಡಿಯನ್ನು 5 ಗಂಟೆಗೆ ಸೇತುವೆ ಹತ್ತಿರವೇ ನಿಲ್ಲಿಸಿಕೊಂಡು ನಡೆಯಲಾಗದವರನ್ನು ಹತ್ತಿಸಿಬಿಟ್ಟರೆ?

ಲೆಕ್ಕದವಳು:
ಹೊಸಬರೇ, ಇದು ಇಡೀ ಚರ್ಚೆಯಲ್ಲಿ ಬಂದ ಅತಿ ಒಳ್ಳೆಯ ಮಾತು. ಗಾಡಿ ಸಾಧಾರಣ ವೇಗದಲ್ಲಿ ಹೋಗಬಹುದು. 3 ಮೈಲಿ ಲೆಕ್ಕದಲ್ಲಿ 4 ಗಂಟೆ. 5ಕ್ಕೆ ಹೊರಟು 9ಕ್ಕೆ ಕೋಟೆ. ಸೇತುವೆ ಕಿತ್ತಿದ್ದರೆ ಶತ್ರು ಎಷ್ಟೇ ಅವಸರ ಮಾಡಿದರೂ 9:45. ಒಂದೂಕಾಲು ಗಂಟೆ ಕೊರತೆ ಇದ್ದದ್ದು ಮುಕ್ಕಾಲು ಗಂಟೆ ಉಳಿತಾಯ ಆಯಿತು. ಒಂದು ಸ್ಪೆಲ್ ಇಲ್ಲ, ಒಂದು ದಾಳ ಇಲ್ಲ.

ಬೆಂಕಿಚೆಂಡು:
ಹಾಗಾದರೆ ಯುದ್ಧವೇ ಬೇಡವಾ? ಪಾರ್ಟಿ ಇಡೀ ಸೆಷನ್ ಗಾಡಿ ಹೊಡೆಯುತ್ತಾ ಕೂರಬೇಕಾ? ಆಡಲು ಬಂದವರಿಗೆ ಅದು ಬೇಜಾರು. ಅವರ ಫೈಟರ್ ಆಡುವವನು ಆ ಸೇತುವೆ ಮೇಲೆ ನಿಲ್ಲಬೇಕು ಅಂತ ಆಸೆ ಇಟ್ಟುಕೊಂಡಿದ್ದಾನೆ, ಅದಕ್ಕೂ ಬೆಲೆ ಇದೆ.

ಹಳೇ ಡಿಎಂ:
ಬೆಲೆ ಇದೆ, ಒಪ್ಪುತ್ತೇನೆ. ಮುಕ್ಕಾಲು ಗಂಟೆ ಉಳಿತಾಯ ಅನ್ನುವುದು ಕೂಡ ತುಂಬಾ ತೆಳ್ಳಗಿನ ಗೋಡೆ. ಗಾಡಿಯ ಅಚ್ಚು ಮುರಿಯಬಹುದು, ಮಳೆ ಬರಬಹುದು, ಮರ ಕಡಿಯುವವರು 5ರ ಬದಲು 5:30ಕ್ಕೆ ಬರಬಹುದು. ಡಿಎಂ ಆದವನು ಇಂಥದ್ದು ಒಂದಾದರೂ ಇಟ್ಟೇ ಇಡುತ್ತಾನೆ. ಅದಕ್ಕೇ ಸೇತುವೆ ಹತ್ತಿರ ಇನ್ನೂ ಅರ್ಧ ಗಂಟೆ ಗಳಿಸಿಕೊಳ್ಳಿ ಅಂತ ನನ್ನ ಸಲಹೆ. ಆದರೆ ಹೊಡೆದಾಡಿ ಅಲ್ಲ. ಅವರೇ ಅಲ್ಲಿ ನಿಂತುಕೊಳ್ಳುವ ಹಾಗೆ ಮಾಡಿ.

ಇದು ನನಗೆ ಅತಿ ಇಷ್ಟದ ಭಾಗ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಸೇತುವೆಯನ್ನು ಪೂರ್ತಿ ಮುರಿದು ಇಟ್ಟರೆ ಕ್ಯಾಪ್ಟನ್ ಬರುತ್ತಾನೆ, ನೋಡುತ್ತಾನೆ, ಒಂದು ನಿಮಿಷದಲ್ಲಿ ಕಡವಿನ ಕಡೆ ಹೊರಡು ಅಂತ ಹೇಳುತ್ತಾನೆ. ಅವನಿಗೆ ಆಯ್ಕೆಯೇ ಇಲ್ಲ, ಆದ್ದರಿಂದ ಯೋಚನೆಯೂ ಇಲ್ಲ. ಅದೇ ಸೇತುವೆಯ ಹಲಗೆ ಕಿತ್ತು, ಅಡಿಯ ಎರಡು ತೊಲೆ ಮಾತ್ರ ಬಿಟ್ಟರೆ? ಆಗ ದಾಟಬಹುದು ಅಂತ ಕಾಣುತ್ತದೆ. ಒಬ್ಬೊಬ್ಬರಾಗಿ, ತೂಗಾಡುತ್ತಾ, ಆದರೂ ದಾಟಬಹುದು. ಎರಡು ಮೈಲಿ ಸುತ್ತುವುದಕ್ಕಿಂತ ಇದೇ ಬೇಗ ಅಂತ ಯಾವ ದಂಡನಾಯಕನಿಗಾದರೂ ಅನ್ನಿಸುತ್ತದೆ. ಗಾಬ್ಲಿನ್ ಕಳಿಸುತ್ತಾನೆ, ಅವು ಬೀಳುತ್ತವೆ. ಮರ ಕಡಿದು ಹಾಸೋಣ ಅಂತ ನೋಡುತ್ತಾನೆ, ಅದಕ್ಕೆ ಹತ್ತಿಪ್ಪತ್ತು ನಿಮಿಷ. ಇನ್ನೇನು ಆಗಿಯೇಬಿಟ್ಟಿತು ಅನ್ನುವ ಆಸೆ ಅವನನ್ನು ಅಲ್ಲೇ ಹಿಡಿದಿಡುತ್ತದೆ. ನಾಲ್ಕು ಜನ ತಡೆಯಲಾಗದ ಪಡೆಯನ್ನು ಆ ಆಸೆ ತಡೆಯುತ್ತದೆ.

ಇತಿಹಾಸದಲ್ಲೂ ಇದರ ಅಣ್ಣತಮ್ಮ ಇದೆ. 1297ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಸೇತುವೆ. ವಿಲಿಯಂ ವಾಲೆಸ್ ಮತ್ತು ಆಂಡ್ರ್ಯೂ ಮರ್ರೆ ಆ ಸೇತುವೆಯನ್ನು ಮುಚ್ಚಲಿಲ್ಲ. ಅದು ಇಬ್ಬರು ಕುದುರೆ ಸವಾರರಷ್ಟೇ ಜೊತೆಯಾಗಿ ಹೋಗುವಷ್ಟು ಕಿರಿದು. ಇಂಗ್ಲಿಷ್ ಸೈನ್ಯದ ಒಂದು ಭಾಗ ದಾಟಿ ಬರುವ ತನಕ ಕಾದು, ಆಮೇಲೆ ಬಿದ್ದರು. ಆಚೆ ದಡದವರು ಸಹಾಯಕ್ಕೆ ಬರಲಾಗದೆ ನೋಡುತ್ತಾ ನಿಂತರು. ದಾರಿ ತೆರೆದಿದೆ ಅನ್ನುವುದೇ ಬಲೆ ಆಯಿತು.

ಗುರಾಣಿ:
ತೊಲೆ ಬಿಡುವುದು ಒಳ್ಳೆಯದೇ, ಆದರೆ ಕಂದಕದ ಅಗಲ ಮುಖ್ಯ. ನಿಯಮದಲ್ಲಿ ಉದ್ದ ಜಿಗಿತ ಅಂದರೆ 10 ಅಡಿ ಓಡಿಕೊಂಡು ಬಂದು ಸ್ಟ್ರೆಂಥ್ ಎಷ್ಟಿದೆಯೋ ಅಷ್ಟು ಅಡಿ. ಗಾಬ್ಲಿನ್ 8 ಅಡಿ, ಹಾಬ್‌ಗಾಬ್ಲಿನ್ 13. ಓಗರ್‌ಗೆ ಸ್ಟ್ರೆಂಥ್ 19. ಹಾಗಾಗಿ 15 ಅಡಿ ಹಲಗೆ ಕಿತ್ತು ಸಾಕು ಅಂತ ಬಿಟ್ಟರೆ ಎರಡು ಓಗರ್ ಹಾರಿ ನಿಮ್ಮ ಮುಂದೆ ಬಂದು ನಿಲ್ಲುತ್ತವೆ. 59 ಎಚ್‌ಪಿ, ಒಂದೊಂದು ಏಟಿಗೆ ಸರಾಸರಿ 13. ಪೂರ್ತಿ 20 ಅಡಿ ಕೀಳಿ, ಒಂದು ಹಲಗೆಯನ್ನೂ ಬಿಡಬೇಡಿ. ಬೆಳಿಗ್ಗೆಯೇ ಮೊಳೆ ತೆಗೆದು ಹಲಗೆ ಸುಮ್ಮನೆ ಕೂರಿಸಿಟ್ಟಿರಿ, ಕೊನೆಯವರು ದಾಟಿದ ತಕ್ಷಣ ಎತ್ತಿಬಿಡಬಹುದು. ಒಂದು ಗಂಟೆ ಸಮಯ ಇದೆಯಲ್ಲ, ಸಾಕು.

ಮತ್ತೆ ತೊಲೆಗಳನ್ನು ಅಡಿಯಿಂದ ಅರ್ಧ ಗರಗಸ ಹಾಕಿಟ್ಟು ಹಗ್ಗ ಕಟ್ಟಿ. ಜನ ದಾಟಿದ ಮೇಲೆ ಗರಗಸ, ಮುಂಚೆ ಅಲ್ಲ. ಹಗ್ಗದ ತುದಿ ನಿಮ್ಮ ಫೈಟರ್ ಕೈಯಲ್ಲಿ ಇರಲಿ. ಓಗರ್ ತೊಲೆ ಮೇಲೆ ಬಂದಾಗ ಎಳೆಯುವುದು ಅವನೇ. ಸೇತುವೆ ಕಾಯುವ ಆಸೆ ಇರುವವನಿಗೆ ಇದಕ್ಕಿಂತ ಒಳ್ಳೆಯ ಕ್ಷಣ ಬೇಕಾ?

ಬೆಂಕಿಚೆಂಡು:
ಇದು ಚೆನ್ನಾಗಿದೆ! ಹಾಗಾದರೆ ಫೈರ್‌ಬಾಲ್‌ಗೂ ಜಾಗ ಬಂತು. ತೊಲೆ ದಾಟಲು ಸಾಲು ನಿಂತಾಗ ಆಚೆ ತುದಿಯ 20 ಅಡಿ ಕಲ್ಲಿನ ಮೇಲೆ ಮತ್ತು ಅದರ ಬಾಯಲ್ಲಿ ಗುಂಪು ಸೇರಲೇಬೇಕು. ಫೈರ್‌ಬಾಲ್ 150 ಅಡಿ ದೂರ ಹೋಗುತ್ತದೆ, ವಿಝಾರ್ಡ್ ಈಚೆ ದಡದ ಮನೆ ಹಿಂದಿನಿಂದಲೇ ಹಾಕಬಹುದು. ಆದರೆ ಮರದ ತೊಲೆಗೆ ಬೆಂಕಿ ತಾಗದ ಹಾಗೆ ಸ್ವಲ್ಪ ಹಿಂದಕ್ಕೆ ಗುರಿ ಇಡಬೇಕು.

ವೆಬ್ (ಜೇಡರ ಬಲೆ ಹರಡುವ ಮಂತ್ರ) ಕೂಡ ಇದೆ ಅಲ್ವಾ? 20 ಅಡಿಯ ಘನ, ಕಾನ್ಸನ್ಟ್ರೇಷನ್ (ಮಂತ್ರದ ಮೇಲಿನ ಗಮನ) ಉಳಿದರೆ ಒಂದು ಗಂಟೆ. ಅದನ್ನು ತೊಲೆಗಳ ಮಧ್ಯೆ ಕಟ್ಟಿದರೆ?

ಹಳೇ ಡಿಎಂ:
ಬೇಡ. ಪಂಜಿನಿಂದ ಸುಟ್ಟರೆ ಒಂದೊಂದು 5 ಅಡಿ ತುಂಡು ಒಂದೇ ರೌಂಡ್‌ನಲ್ಲಿ ಹೋಗುತ್ತದೆ, ಅದರ ಜೊತೆ ನಿಮ್ಮ ತೊಲೆಗಳೂ ಹತ್ತಿಕೊಳ್ಳಬಹುದು. ಅವರ ಆಸೆಯನ್ನು ನೀವೇ ಸುಟ್ಟ ಹಾಗಾಗುತ್ತದೆ. ವೆಬ್ ಅನ್ನು ವಾಪಸ್ ಓಡುವಾಗ ಹಳ್ಳಿಯ ಬೀದಿಗೆ ಇಟ್ಟುಕೊಳ್ಳಿ, ಯಾರಾದರೂ ದಾಟಿ ಬೆನ್ನಟ್ಟಿದರೆ ಮಾತ್ರ.

ಲೆಕ್ಕದವಳು:
ಕತ್ತಲ ಬಗ್ಗೆ ಯಾರೂ ಮಾತಾಡಿಲ್ಲ. ಗಾಬ್ಲಿನ್, ಹಾಬ್‌ಗಾಬ್ಲಿನ್, ಓಗರ್ ಮೂರಕ್ಕೂ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) 60 ಅಡಿ. ಅದರಾಚೆ ಕತ್ತಲಲ್ಲಿ ಅವರಿಗೂ ಏನೂ ಕಾಣಲ್ಲ. ಆದ್ದರಿಂದ ಅವರ ದಡದಲ್ಲಿ ಎಣ್ಣೆ ಸುರಿದ ಸೌದೆ ರಾಶಿ ಎರಡು ಮೂರು ಇಟ್ಟುಬನ್ನಿ, ಅವರು ಬಂದ ಮೇಲೆ ಬೆಂಕಿ ಬಾಣ ಬಿಡಿ. ಅವರು ಬೆಳಕಲ್ಲಿ, ನೀವು ಕತ್ತಲಲ್ಲಿ, ಮಧ್ಯೆ 100 ಅಡಿ. ಕಾಣದವರ ಮೇಲೆ ಬಾಣ ಬಿಡುವವರಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆ ಬಂದದ್ದು), ಕಾಣದ ಜಾಗದಿಂದ ಬಿಡುವ ನಿಮಗೆ ಅಡ್ವಾಂಟೇಜ್ (ಹೆಚ್ಚು ಬಂದದ್ದು). 12 ಹಾಬ್‌ಗಾಬ್ಲಿನ್‌ಗಳ ಹತ್ತಿರವೂ ಉದ್ದಬಿಲ್ಲು ಇದೆ, 150 ಅಡಿ ಸರಾಗವಾಗಿ ಹೋಗುತ್ತದೆ. ನನಗೆ ಅವರ ಕತ್ತಿಗಿಂತ ಆ ಬಿಲ್ಲುಗಳದ್ದೇ ಹೆಚ್ಚು ಚಿಂತೆ. ಬಾಣ ಬಿಟ್ಟ ಮೇಲೆ ನೀವಿರುವ ಜಾಗ ಅವರಿಗೆ ಗೊತ್ತಾಗುತ್ತದೆ, ಹಾಗಾಗಿ ಪ್ರತಿ ರೌಂಡ್ ಜಾಗ ಬದಲಿಸಿ.

ಬಿಲ್ಲುಗಾರ:
ಅದ್ಭುತ. ಇಷ್ಟು ಹೊತ್ತು ಓದುತ್ತಾ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಎರಡು ವಿಷಯ ಕೇಳಬೇಕು. ಒಂದು, ನಾನು ಮೊದಲೇ ಕ್ಯಾಪ್ಟನ್‌ನನ್ನು ಹೊಡೆದುಬಿಟ್ಟರೆ ಉಳಿದವರು ಚದುರುತ್ತಾರಾ? ಎರಡು, ಹಳ್ಳಿಯ 15 ಜನ ಬಿಲ್ಲು ಹಿಡಿದು ನಮ್ಮ ಜೊತೆ ನಿಲ್ಲುತ್ತೇವೆ ಅಂತಿದ್ದಾರೆ. ಇಟ್ಟುಕೊಳ್ಳಲಾ?

ಗುರಾಣಿ:
ಎರಡನೆಯದಕ್ಕೆ ನಾನು ಹೇಳುತ್ತೇನೆ: ಬೇಡ, ದಯವಿಟ್ಟು ಬೇಡ. ಸಾಮಾನ್ಯ ಹಳ್ಳಿಗನಿಗೆ 4 ಎಚ್‌ಪಿ. ಒಂದು ಬಾಣ, ಸತ್ತ. ಅವರ 15 ಬಾಣದಲ್ಲಿ ಗಾಬ್ಲಿನ್‌ಗೆ ತಾಗುವುದು ಐದಾರು, ಹಾಬ್‌ಗಾಬ್ಲಿನ್‌ಗೆ ಮೂರ್ನಾಲ್ಕು. ಆ ಸಣ್ಣ ಲಾಭಕ್ಕೆ ನೀವು ಯಾರನ್ನು ಉಳಿಸಬೇಕೋ ಅವರನ್ನೇ ಕೊಡುತ್ತೀರಿ. ಅವರಿಗೆ ನಿಜವಾಗಲೂ ಸಹಾಯ ಮಾಡಬೇಕು ಅಂತಿದ್ದರೆ ಕಡವಿನ ಈಚೆ ಗುಡ್ಡದ ಮೇಲೆ ಹತ್ತಾರು ಕಡೆ ಬೆಂಕಿ ಹಚ್ಚಿ, 4 ಗಂಟೆಗೆಲ್ಲ ಕೋಟೆ ದಾರಿ ಹಿಡಿಯಲಿ. ದೂರದಿಂದ ನೋಡಿದವರಿಗೆ ಅಲ್ಲೊಂದು ದೊಡ್ಡ ಕಾವಲು ಪಡೆ ಇದೆ ಅಂತ ಕಾಣಬೇಕು. ಕಡವಿಗೆ ಹೋಗಲೋ ಬೇಡವೋ ಅಂತ ಕ್ಯಾಪ್ಟನ್ ಯೋಚಿಸುವ ಪ್ರತಿ ನಿಮಿಷ ನಿಮ್ಮದೇ.

ಹಳೇ ಡಿಎಂ:
ಮೊದಲನೆಯದಕ್ಕೆ ನಾನು. ಕ್ಯಾಪ್ಟನ್‌ಗೆ ಎಸಿ 17, ಎಚ್‌ಪಿ 39. ರೇಂಜರ್ ಎರಡು ಬಾಣ ಬಿಟ್ಟರೆ ಸಾಧಾರಣವಾಗಿ ಒಂದು ರೌಂಡ್‌ಗೆ 11 ಡ್ಯಾಮೇಜ್ ಆಗಬಹುದು. ನಾಲ್ಕು ರೌಂಡ್ ಬೇಕು. ಮೊದಲ ಏಟಿಗೇ ಅವನು ಯಾವುದೋ ಮರದ ಹಿಂದೆ ಹೋಗುತ್ತಾನೆ. ಒಂದೇ ಬಾಣಕ್ಕೆ ನಾಯಕ ಬೀಳುತ್ತಾನೆ ಅನ್ನುವ ಕಲ್ಪನೆ ಈ ಆಟದಲ್ಲಿ ನಡೆಯಲ್ಲ.

ಆದರೂ ನಾಯಕನ ಮೇಲಿನ ನಿಮ್ಮ ಯೋಚನೆ ಸರಿ. ಈ ಆಟದ ಹಳೆಯ ಆವೃತ್ತಿಯಾದ 1981ರ ಬೇಸಿಕ್ ನಿಯಮಗಳಲ್ಲಿ ಪ್ರತಿ ಶತ್ರುವಿಗೂ ಮೊರಾಲ್ (ಧೈರ್ಯ) ಅಂತ ಒಂದು ಅಂಕೆ ಇರುತ್ತಿತ್ತು. ಎರಡು ಆರುಮುಖದ ದಾಳ ಹಾಕಿ, ಅದಕ್ಕಿಂತ ಜಾಸ್ತಿ ಬಂದರೆ ಓಟ. ಗಾಬ್ಲಿನ್‌ಗೆ 7. ಅವರ ರಾಜ ಜೊತೆಗಿದ್ದರೆ 9. ಅಂದರೆ ರಾಜ ಇಲ್ಲದಿದ್ದರೆ ಓಡುವ ಸಾಧ್ಯತೆ ಶೇ. 42ರ ಹತ್ತಿರ, ಇದ್ದರೆ ಶೇ. 17. ನಾಯಕ ಇರುವುದಕ್ಕೂ ಇಲ್ಲದ್ದಕ್ಕೂ ಎಷ್ಟು ಅಂತರ ನೋಡಿ. 2014ರ ಡಿಎಂ ಪುಸ್ತಕದಲ್ಲೂ ಐಚ್ಛಿಕ ನಿಯಮವೊಂದಿದೆ: ನಾಯಕ ಬಿದ್ದರೆ, ಅಥವಾ ಎದುರಾಳಿಗೆ ಒಂದೂ ನಷ್ಟವಾಗದೆ ತಮ್ಮವರು ಅರ್ಧಕ್ಕೆ ಇಳಿದರೆ, ವಿಸ್ಡಮ್ ಸೇವ್ 10, ದಾಳದಲ್ಲಿ ಅಷ್ಟು ಬರದಿದ್ದರೆ ಓಟ. ಹೋಗಿ ನಿಮ್ಮ ಡಿಎಂ ಹತ್ತಿರ ಈಗಲೇ ಕೇಳಿ, ಈ ನಿಯಮ ಬಳಸುತ್ತೀರಾ ಅಂತ. ಕೇಳುವುದರಲ್ಲಿ ತಪ್ಪೇನಿಲ್ಲ. ಬಳಸುತ್ತಾರಾದರೆ ಫೈರ್‌ಬಾಲ್ ಗುರಿ ಗಾಬ್ಲಿನ್ ಗುಂಪಿನ ಮೇಲಿರಲಿ, ಅರ್ಧ ಸಂಖ್ಯೆ ಬೇಗ ಇಳಿಯುತ್ತದೆ. ನಿಮ್ಮಲ್ಲಿ ಯಾರೂ ಬೀಳದಿರುವುದೂ ಅಷ್ಟೇ ಮುಖ್ಯ, ನಿಯಮ ಅದನ್ನೇ ಕೇಳುತ್ತದೆ.

ಹೊಸಬ:
ನೀವು ನಾಲ್ಕು ಜನ ವಾಪಸ್ ಬರುವುದು ಹೇಗೆ? ಅದನ್ನು ಯಾರೂ ಹೇಳಲಿಲ್ಲ.

ಗುರಾಣಿ:
ಕುದುರೆ. ಸವಾರಿ ಕುದುರೆಯಲ್ಲಿ ಸುಮಾರು ಒಂದು ಗಂಟೆ ನಾಗಾಲೋಟದಲ್ಲಿ ಹೋಗಬಹುದು, 8 ಮೈಲಿ. ಕಾಲ್ನಡಿಗೆಯವರಿಗೆ ನೀವು ಸಿಗಲ್ಲ. ನಾಲ್ಕು ಕುದುರೆ ಹಳ್ಳಿಯ ಹಿಂದೆ, ತಡಿ ಹಾಕಿ ಸಿದ್ಧವಾಗಿ. ಮತ್ತೆ ಹೊರಡುವುದು ಯಾವಾಗ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಆಟದ ಬಿಸಿಯಲ್ಲಿ ಇನ್ನೊಂದು ರೌಂಡ್, ಇನ್ನೊಂದು ರೌಂಡ್ ಅಂತ ಎಳೆದುಕೊಂಡು ಹೋಗುತ್ತದೆ. ನಾನು ನೋಡಿದ ಪಾರ್ಟಿಗಳು ಪೂರ್ತಿ ಸತ್ತದ್ದು ಬಹುಪಾಲು ಆ ಇನ್ನೊಂದು ರೌಂಡ್‌ನಲ್ಲೇ.

ಬಿಲ್ಲುಗಾರ:
ಫೈಟರ್ ಆಡುವವನಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ಹಗ್ಗದ ಮಾತು ಕೇಳಿ ಖುಷಿಯಾಗಿದ್ದಾನೆ, ಒಪ್ಪಿದ. ಡಿಎಂ ಮೊರಾಲ್ ನಿಯಮ ಬಳಸುತ್ತೇನೆ ಅಂತಲೂ ಹೇಳಿದರು.

ಈಗ ನಮ್ಮ ಪ್ಲ್ಯಾನ್ ಹೀಗೆ. ಬೆಳಿಗ್ಗೆಯೇ ಹಳ್ಳಿ ಖಾಲಿ ಮಾಡಿಸುತ್ತೇವೆ, ಎರಡು ಗಾಡಿ ಮಾತ್ರ ಉಳಿಸಿಕೊಂಡು. ಆಚೆ ದಡದಲ್ಲಿ ಸೌದೆ ರಾಶಿ, ಮೊಳೆ ತೆಗೆದ ಹಲಗೆ, ಗುಡ್ಡದ ಮೇಲೆ ಬೆಂಕಿ. 5ಕ್ಕೆ ಕೊನೆಯವರು ದಾಟಿದ ಕೂಡಲೇ ಹಲಗೆ ಎತ್ತಿ, ತೊಲೆಗೆ ಗರಗಸ. ಅವರು ಬಂದಾಗ ಮೊದಲು ನಾವು ಏನೂ ಮಾಡುವುದಿಲ್ಲ, ಸದ್ದಿಲ್ಲದೆ ಕಾಯುತ್ತೇವೆ. ಮೊದಲ ಗಾಬ್ಲಿನ್ ತೊಲೆ ಮೇಲೆ ಕಾಲಿಟ್ಟ ಮೇಲೆ ನನ್ನ ಬಾಣ. ಗುಂಪು ಸೇರಿದಾಗ ಒಂದು ಫೈರ್‌ಬಾಲ್. ಓಗರ್ ತೊಲೆ ಹತ್ತಿದಾಗ ಹಗ್ಗ. ಫೈಟರ್ ಅಥವಾ ಕ್ಲೆರಿಕ್ ಇಬ್ಬರಲ್ಲಿ ಯಾರದ್ದಾದರೂ ಎಚ್‌ಪಿ ಅರ್ಧಕ್ಕೆ ಬಂದರೆ, ಅಥವಾ ಹಗ್ಗ ಎಳೆದಾದ ಮೇಲೆ, ಯಾವುದು ಮೊದಲೋ ಆಗ ಕುದುರೆ. ಎರಡನೇ ಫೈರ್‌ಬಾಲ್ ಸ್ಲಾಟ್ ದಾರಿಗೆ ಉಳಿಸಿಕೊಳ್ಳುತ್ತೇವೆ.

ಲೆಕ್ಕದವಳು:
ಒಂದೇ ಒಂದು ತೂತು ಕಾಣುತ್ತಿದೆ. ಓಗರ್ ಹತ್ತಿರ ಎಸೆಯುವ ಈಟಿ ಇರುತ್ತದೆ, 30 ಅಡಿ ಸರಾಗ, 120 ಅಡಿ ತನಕ ಕಷ್ಟದಲ್ಲಿ. ಆಚೆ ತುದಿಯಿಂದ 20 ಅಡಿ ಕಂದಕ ದಾಟಿಸಿ ಹಗ್ಗ ಹಿಡಿದವನಿಗೆ ಎಸೆಯಬಹುದು. ಫೈಟರ್ ಎಲ್ಲಿ ನಿಲ್ಲುತ್ತಾನೆ?

ಬಿಲ್ಲುಗಾರ:
ಸೇತುವೆಯ ಈಚೆ ತುದಿಯಲ್ಲಿ ಕಲ್ಲಿನ ಕಂಬ ಇದೆ, ಅದರ ಹಿಂದೆ. ಡಿಎಂ ಅದಕ್ಕೆ ಮುಕ್ಕಾಲು ಕವರ್ ಕೊಡುತ್ತಾರಂತೆ, ಎಸಿ 5 ಜಾಸ್ತಿ, ಅಂದರೆ 24. ಹಗ್ಗ ಉದ್ದ ಮಾಡಿ ಕಂಬದಿಂದ ಇನ್ನೂ 10 ಅಡಿ ಹಿಂದಕ್ಕೂ ಹೋಗಬಹುದು, ಆದರೆ ಆಗ ಓಗರ್ ತೊಲೆ ಮೇಲೆ ಬಂದದ್ದು ಅವನಿಗೆ ಕಾಣಲ್ಲ, ನಾನು ಕೂಗಿ ಹೇಳಬೇಕು.

ಗುರಾಣಿ:
ಕಂಬದ ಹಿಂದೆಯೇ ಇರಲಿ. ಮತ್ತೆ ಹಗ್ಗ ಎಳೆಯುವುದನ್ನು ರೆಡಿ ಆಕ್ಷನ್ ಆಗಿ ಮೊದಲೇ ಘೋಷಿಸಲಿ: 'ಓಗರ್ ಮಧ್ಯಕ್ಕೆ ಬಂದ ತಕ್ಷಣ'. ಇಲ್ಲದಿದ್ದರೆ ಅವನ ಟರ್ನ್ ಬರುವಷ್ಟರಲ್ಲಿ ಅದು 40 ಅಡಿ ನಡೆದು ಈಚೆ ಬಂದುಬಿಟ್ಟಿರುತ್ತದೆ.

ಬಿಲ್ಲುಗಾರ:
ಬರೆದುಕೊಂಡೆ. ಕ್ಲೆರಿಕ್‌ಗೂ ಹೇಳುತ್ತೇನೆ, ಬ್ಲೆಸ್ (ಏಟಿಗೂ ಸೇವ್‌ಗೂ ನೆರವಾಗುವ ಆಶೀರ್ವಾದದ ಮಂತ್ರ) ಅನ್ನು ಹಗ್ಗಕ್ಕೆ ಮುಂಚಿನ ರೌಂಡ್‌ನಲ್ಲೇ ಹಾಕಿಡಲಿ ಅಂತ.